ನಾಯಿ ಜತೆ ಒಬ್ಬರೇ ಹೊರಟಿದ್ದೀರಾ?

ಜತೆಗೊಬ್ಬರಿದ್ದರೆ ‘ಸ್ವಲ್ಪ ಹಿಡ್ಕೊಳ್ಳಿ’ ಅನ್ನಬಹುದು. ನಾಯಿ ಕರ್ಕೊಂಡು ಒಬ್ಬರೇ ರೈಲು ಹತ್ತುವವರು ಯಾರಿಗೆ ಹೇಳೋದು? ಬ್ಯಾಗು, ಟಿಕೆಟ್ಟು, ಚೈನು ಎಲ್ಲವೂ ಅವರ ಕೈಯಲ್ಲೇ. ಎದೆ ಡವಡವ ಅನ್ನದೇ ಇರುತ್ತಾ?

ಆ ಗಾಬರಿ ನಿಮ್ಮೊಳಗೇ ಉಳಿಯುವುದಿಲ್ಲ. ಒತ್ತಡದಲ್ಲಿರುವ ಮನುಷ್ಯರ ಬೆವರು, ಉಸಿರಿನ ವಾಸನೆಯ ವ್ಯತ್ಯಾಸವನ್ನು ನಾಯಿಗಳು ಗುರುತಿಸುತ್ತವೆ ಎಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದ್ದಾರೆ. ಅಂದರೆ ನಾಯಿಯನ್ನು ಸಮಾಧಾನ ಮಾಡುವ ಕೆಲಸ ನಿಮ್ಮಿಂದಲೇ ಶುರುವಾಗಬೇಕು.

ಗಾಬರಿಯ ಮೂಲ ಯಾವುದು? ಮುಂದೇನಾಗುತ್ತೋ ಗೊತ್ತಿಲ್ಲದಿರುವುದು. ಆದ್ದರಿಂದ ಮೊದಲು ನಿಯಮ ತಿಳಿದುಕೊಳ್ಳಿ. ಫಸ್ಟ್ ಎಸಿಯಲ್ಲಿ 2 ಬರ್ತ್‌ಗಳ ಕೂಪೆ ಅಥವಾ 4 ಬರ್ತ್‌ಗಳ ಕ್ಯಾಬಿನ್ ಪೂರ್ತಿ ನಿಮಗೇ ಸಿಕ್ಕರೆ ಮಾತ್ರ ನಾಯಿ ನಿಮ್ಮ ಪಕ್ಕದಲ್ಲಿ. ಸ್ಲೀಪರ್, ಎಸಿ 2 ಟಯರ್, 3 ಟಯರ್‌ನಲ್ಲಿ ಬಿಡೋದಿಲ್ಲ. ಅದಕ್ಕೆ ಗಾರ್ಡ್ ವ್ಯಾನಿನ ಪೆಟ್ಟಿಗೆಯೇ ಗತಿ. ಇದನ್ನು ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ತಿಳಿದುಕೊಂಡರೆ ಕೈಕಾಲು ಆಡುತ್ತಾ? ರಿಸರ್ವೇಶನ್, ಪಾರ್ಸೆಲ್ ಕಚೇರಿಗಳಲ್ಲಿ ಮೊದಲೇ ವಿಚಾರಿಸಿ.

ಒಂದೆರಡು ದಿನ ನಿಲ್ದಾಣದ ಸದ್ದು ಕೇಳಿಸಿ ರೂಢಿ ಮಾಡಿಸಿ. ಹೊರಡುವ ಕೆಲವು ಗಂಟೆ ಮುಂಚೆ ಹಗುರ ಊಟ ಹಾಕಿ, ಆಮೇಲೆ ಚೆನ್ನಾಗಿ ನಡೆಸಿ. ನೀವು ಬಳಸಿದ ಹಳೇ ಟವೆಲ್ ಹಾಸಿ. ಪಶುವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಕೊಡಲೇಬೇಡಿ. ನಿಮಗೇ ಗಾಬರಿಯಾದರೆ ಒಂದು ಕಡೆ ಕೂತು, ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಪಕ್ಕದಲ್ಲಿರೋ ನಾಯಿಗೂ ಅಷ್ಟು ಹೊತ್ತು ಬೇಕು.