ಕಂಪ್ಯೂಟರ್ ಹೊಸದಾಯಿತು, ಸಂದೇಶದ ಬಾಗಿಲು ಮುಚ್ಚಿತು

ಕಳೆದ ಆಟಿ ತಿಂಗಳಲ್ಲಿ ಬದಿಯಡ್ಕದ ಸಮೀಪದ ನನ್ನ ಅಕ್ಕನ ಮನೆಗೆ ಹೋಗಿದ್ದೆ. ನಾನು ತಲಪಿದ ಸಂಜೆ ಚಾವಡಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗತೊಡಗಿ, ಅರ್ಧ ಗಂಟೆಯ ತರುವಾಯ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತು. ಇರುಳು ಗಾಳಿಮಳೆಗೆ ಹೋದ ವಿದ್ಯುತ್ತು ಬೆಳಗಿನ ಜಾವಕ್ಕೆ ಮರಳಿತು. ಭಾವ ನಿವೃತ್ತ ಅಧ್ಯಾಪಕರು. ಕಾಫಿ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತು ಕುಟುಂಬದವರ ಸಂದೇಶಗಳನ್ನು ಓದುವುದು ಅವರ ನಿತ್ಯದ ಪದ್ಧತಿ. ಮೊಬೈಲಿನ ಅಕ್ಷರ ಅವರ ಕಣ್ಣಿಗೆ ಎಟಕುವುದಿಲ್ಲ. ದೊಡ್ಡ ಪರದೆಯಲ್ಲಿ ಓದಲೂ ಕನ್ನಡದಲ್ಲಿ ಬರೆಯಲೂ ಅವರಿಗೆ ಸುಲಭ. ಆದರೆ ಅಂದು ಸಂದೇಶದ ಆ್ಯಪ್ ತೆರೆಯಲಿಲ್ಲ. “ಸೈನ್ ಇನ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ” ಎಂಬ ಅರ್ಥದ ಒಂದು ಸಾಲು ಮಾತ್ರ ಬಂತು. ಹತ್ತು ಬಾರಿ ಪ್ರಯತ್ನಿಸಿದರೂ ಅದೇ ಸಾಲು.

ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಭಾವ ಕರೆಮಾಡಿದರು. ಹುಡುಗ ಕಚೇರಿಗೆ ಹೊರಟ ಅವಸರದಲ್ಲಿದ್ದ. “ದೊಡ್ಡಪ್ಪ, ಕಂಪ್ಯೂಟರಿನಿಂದಲೂ ಮೊಬೈಲಿನಿಂದಲೂ ಅದನ್ನು ಪೂರ್ತಿ ತೆಗೆದುಹಾಕಿ, ಹೊಸದಾಗಿ ಹಾಕಿಕೊಳ್ಳಿ, ಸರಿಹೋಗುತ್ತದೆ” ಎಂದ. ಭಾವ ಮೊಬೈಲನ್ನು ಕೈಗೆತ್ತಿಕೊಂಡರು. ಆಗ ಅಕ್ಕ ಒಳಗಿನಿಂದ ಬಂದು, “ಅತ್ತೆಯ ಮಾತುಗಳು ಅದರಲ್ಲಿಯೇ ಇವೆಯಲ್ಲ?” ಎಂದು ಕೇಳಿದಳು.

ಭಾವನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಬರೆಯಲು ಕೈ ನಡುಗುತ್ತಿದ್ದುದರಿಂದ ಅವರು ತರವಾಡು ಮನೆಯಿಂದ ಮಗನಿಗೆ ದಿನವೂ ಧ್ವನಿಯಲ್ಲಿ ಸಂದೇಶ ಕಳುಹಿಸುತ್ತಿದ್ದರು. ಆ ಧ್ವನಿಗಳೆಲ್ಲ ಭಾವನ ಮೊಬೈಲಿನಲ್ಲಿದ್ದುವು. ಅವುಗಳ ಪ್ರತಿ, ಅಂದರೆ ಬ್ಯಾಕಪ್, ಬೇರೆಲ್ಲಿಯೂ ಇರಲಿಲ್ಲ. ಭಾವ ಮೊಬೈಲನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ನಾನು ಕಂಪ್ಯೂಟರಿನ ಪರದೆಯ ಮೂಲೆಯನ್ನು ನೋಡಿದೆ. ಅಲ್ಲಿ 2016ರ ಜನವರಿ 1 ಎಂದಿತ್ತು. ದಿನಾಂಕವನ್ನು ಸರಿಪಡಿಸಿ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದೆವು. ಆ್ಯಪ್ ತೆರೆಯಿತು. ತೆಗೆದುಹಾಕುವ ಅಗತ್ಯವೇ ಇರಲಿಲ್ಲ.

ಇಂಥ ಅನುಭವ ನಮ್ಮ ವಾಚಕರಲ್ಲಿ ಅನೇಕರಿಗೆ ಆಗಿರಬಹುದು. ಬಾಗಿಲು ತೆರೆಯದಿದ್ದರೆ ಮನೆಯೇ ಹೋಯಿತೆಂದು ಎಣಿಸಬೇಕಾಗಿಲ್ಲ. ಬೀಗ ಎಲ್ಲಿ ಸಿಕ್ಕಿಕೊಂಡಿದೆಯೆಂದು ನೋಡಿದರೆ ಸಾಕು. ಗೋಡೆ ಒಡೆಯುವ ಕೆಲಸವನ್ನು ಕೊನೆಗೂ ಮಾಡದಿರುವುದೇ ಲೇಸು.

ಒಳಗೆ ನಡೆಯುವುದೇನು?

ನಾವು ಒಮ್ಮೆ ಸೈನ್ ಇನ್ ಆದಮೇಲೆ ದಿನವೂ ಪಾಸ್‌ವರ್ಡ್ ಕೇಳದೆ ಆ್ಯಪ್ ತೆರೆದುಕೊಳ್ಳುತ್ತದಷ್ಟೆ. ಅದು ನಮ್ಮ ಗುರುತು ಹಿಡಿದು ತೆರೆಯುವುದಲ್ಲ. ಮೊದಲ ದಿನ ದೂರದ ಸರ್ವರ್ ನಮ್ಮ ಯಂತ್ರಕ್ಕೆ ಒಂದು ರಹಸ್ಯ ಚೀಟಿಯನ್ನು ಕೊಟ್ಟಿರುತ್ತದೆ. ಬಸ್ಸಿನ ತಿಂಗಳ ಪಾಸಿನಂತೆ ಯಂತ್ರ ಅದನ್ನು ಪ್ರತಿಸಲವೂ ತೋರಿಸುತ್ತದೆ. ವಿಂಡೋಸ್ ಆಗಲಿ ಆ್ಯಪಲ್‌ನ ಯಂತ್ರವಾಗಲಿ ಇಂಥ ಚೀಟಿಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತದೆ. ದೊಡ್ಡ ಅಪ್‌ಡೇಟ್ ಆದಾಗ ಒಮ್ಮೊಮ್ಮೆ ಆ ಪೆಟ್ಟಿಗೆಗೂ ಕೀಲಿಗೂ ಹೊಂದಿಕೆ ತಪ್ಪುತ್ತದೆ. ಚೀಟಿ ಒಳಗಿದ್ದರೂ ಆ್ಯಪಿಗೆ ಓದಲು ಬಾರದು.

ಯಂತ್ರ ತನ್ನ ಚೀಟಿಯನ್ನು ತೋರಿಸುವಂತೆ ಸರ್ವರ್ ಕೂಡ ತಾನು ನಿಜವಾದ ಸರ್ವರ್ ಎಂಬುದಕ್ಕೆ ಒಂದು ಪ್ರಮಾಣಪತ್ರ ತೋರಿಸಬೇಕು. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ನಮೂದಾಗಿರುತ್ತದೆ. ಅಂತರಜಾಲ ತಾಣಗಳ ಪ್ರಮಾಣಪತ್ರಗಳ ಆಯುಸ್ಸನ್ನು 2020ರ ಸೆಪ್ಟೆಂಬರ್‌ನಿಂದ 398 ದಿನಗಳಿಗೆ ಸೀಮಿತಗೊಳಿಸಲಾಯಿತು. 2026ರ ಮಾರ್ಚ್ 15ರಿಂದ ಅದನ್ನು 200 ದಿನಗಳಿಗೆ ಇಳಿಸುವ ತೀರ್ಮಾನ 2025ರಲ್ಲಿ ಆಯಿತು. ಆ ಅವಧಿ ನಡೆಯುತ್ತಿದೆಯೇ ಎಂದು ನಮ್ಮ ಯಂತ್ರ ತನ್ನ ಗಡಿಯಾರವನ್ನು ನೋಡಿ ತೀರ್ಮಾನಿಸುತ್ತದೆ. ಗಡಿಯಾರ 2016ರಲ್ಲಿ ನಿಂತಿದ್ದರೆ, ನೈಜವಾದ ಪ್ರಮಾಣಪತ್ರವೂ ಇನ್ನೂ ಹುಟ್ಟದ ಪತ್ರವಾಗಿ ಕಾಣುತ್ತದೆ. ಯಂತ್ರ ಸಂಶಯಪಟ್ಟು ಸಂಪರ್ಕ ಕಡಿಯುತ್ತದೆ. ಅಕ್ಕನ ಮನೆಯಲ್ಲಿ ನಡೆದುದು ಇದೇ.

ಗಡಿಯಾರ ತಪ್ಪಿದ್ದೇಕೆ? ಮೇಜಿನ ಮೇಲಿಡುವ ಕಂಪ್ಯೂಟರುಗಳಲ್ಲಿ ವಿದ್ಯುತ್ತು ಇಲ್ಲದಾಗ ವೇಳೆಯನ್ನು ನಡೆಸಲು ನಾಣ್ಯದಂಥ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಬಗೆ. ಕೆಲವು ವರ್ಷಗಳಲ್ಲಿ ಅದು ಬತ್ತುತ್ತದೆ. ಆಮೇಲೆ ವಿದ್ಯುತ್ತು ಹೋದಾಗಲೆಲ್ಲ ಯಂತ್ರ ಹಳೆಯ ದಿನಕ್ಕೆ ಹಿಂದಿರುಗುತ್ತದೆ. ಅಪ್‌ಡೇಟಿಗೂ ಇರುಳಿನ ಮಳೆಗೂ ಒಂದೇ ದಿನ ಕೂಡಿಬಂದುದರಿಂದ ನಾವು ಅಪ್‌ಡೇಟನ್ನು ದೂರಿದೆವು. ಸ್ವಲ್ಪವೇ ಹಣದಲ್ಲಿ ಸಿಗುವ ಆ ಬ್ಯಾಟರಿಯನ್ನು ಮರುದಿನ ಬದಲಾಯಿಸಿದೆವು.

ಯಾವ ಕ್ರಮದಲ್ಲಿ ನೋಡಬೇಕು?

ಮೊದಲಾಗಿ, ತಪ್ಪು ನಮ್ಮದೇ ಎಂದು ನಿಶ್ಚಯಿಸಿಕೊಳ್ಳಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಜಗತ್ತಿನಾದ್ಯಂತ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದುವು. ಅಂದು ತಮ್ಮ ಮೊಬೈಲನ್ನು ಕೆದಕಿದವರಿಗೆ ಪ್ರಯೋಜನವಾಗಲಿಲ್ಲ. ಬೇರೆ ತಾಣಗಳು ತೆರೆಯುತ್ತವೆಯೇ, ಬಂಧುಗಳಿಗೆ ಸಂದೇಶ ಹೋಗುತ್ತಿದೆಯೇ ಎಂದು ವಿಚಾರಿಸಬೇಕು. ಬಳಿಕ ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಬೇಕು. ಅರ್ಧಕ್ಕೆ ನಿಂತ ಅಪ್‌ಡೇಟ್ ಆಗ ಮುಗಿಯುವುದುಂಟು.

ಎರಡನೆಯದಾಗಿ, ದಿನಾಂಕ, ಇಸವಿ, ವೇಳೆ, ಸಮಯವಲಯ ಈ ನಾಲ್ಕನ್ನೂ ನೋಡಬೇಕು. ಗಡಿಯಾರ ಗೋಡೆಯ ಗಡಿಯಾರಕ್ಕೆ ಸರಿಯಾಗಿ ಕಂಡರೂ ಸಮಯವಲಯ ಬೇರೆ ದೇಶದ್ದಾಗಿದ್ದರೆ, ಯಂತ್ರದ ಒಳಲೆಕ್ಕ ಗಂಟೆಗಟ್ಟಲೆ ತಪ್ಪಾಗಿರುತ್ತದೆ. ಭಾರತದ ವೇಳೆ ಅಂತಾರಾಷ್ಟ್ರೀಯ ಪ್ರಮಾಣವೇಳೆಗಿಂತ ಐದೂವರೆ ಗಂಟೆ ಮುಂದೆ. ಮಸ್ಕತ್ತಿನಿಂದಲೋ ದುಬೈಯಿಂದಲೋ ಮಕ್ಕಳು ತಂದುಕೊಟ್ಟ ಲ್ಯಾಪ್‌ಟಾಪ್ ಇರುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದಾಗಿ, ಯಂತ್ರ ಹೊಸದಾಗಿ ಆ್ಯಪ್ ಹಳೆಯದಾಗಿಯೇ ಉಳಿದಿದೆಯೇ ಎಂದು ನೋಡಿ, ಅಧಿಕೃತ ಸ್ಟೋರಿನಿಂದಲೇ ಅದನ್ನು ಅಪ್‌ಡೇಟ್ ಮಾಡಬೇಕು. ಕೆಲವೊಮ್ಮೆ ದುರಸ್ತಿಗೆ ಅವಕಾಶವೇ ಇರುವುದಿಲ್ಲ. ಅನೇಕ ಮನೆಗಳು ದೂರದ ಮಕ್ಕಳ ಮುಖ ಕಾಣಲು ಬಳಸುತ್ತಿದ್ದ ಸ್ಕೈಪ್ 2025ರ ಮೇ 5ರಂದು ಶಾಶ್ವತವಾಗಿ ಮುಚ್ಚಿತು. ಆಂಡ್ರಾಯ್ಡ್ 5.0ಕ್ಕಿಂತ ಹಿಂದಿನ ಮೊಬೈಲುಗಳಲ್ಲಿ ವಾಟ್ಸಾಪ್ 2023ರ ಅಕ್ಟೋಬರ್ 24ರ ಬಳಿಕ ಬೆಂಬಲ ಕಳೆದುಕೊಂಡಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥಲ್ಲಿ ಯಂತ್ರದೊಡನೆ ಗುದ್ದಾಡಿ ಫಲವಿಲ್ಲ.

ನಾಲ್ಕನೆಯದಾಗಿ, ಹಳೆಯ ಚೀಟಿಯನ್ನು ಕಳೆದು ಹೊಸದನ್ನು ಪಡೆಯಬೇಕು. ಪಾಸ್‌ವರ್ಡ್ ಬಳಸುವ ಆ್ಯಪ್ ಆದರೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಬೇಕು. ಆದರೆ ಪಾಸ್‌ವರ್ಡ್ ನೆನಪಿದೆಯೆಂದು ಖಾತ್ರಿಯಾದ ಮೇಲೆ. ಅಷ್ಟಕ್ಕೂ ಆಗದಿದ್ದರೆ ವಿಂಡೋಸಿನ ಕ್ರೆಡೆನ್ಶಿಯಲ್ ಮ್ಯಾನೇಜರ್ ಎಂಬಲ್ಲಿ ಆ ಒಂದು ಆ್ಯಪಿನ ನಮೂದನ್ನು ಮಾತ್ರ ಅಳಿಸಬಹುದು. ವಾಟ್ಸಾಪ್ ಆದರೆ ಕಂಪ್ಯೂಟರ್ ಮೊಬೈಲಿಗೆ ಜೋಡಿಸಿದ ಸಾಧನ. ಹೀಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ಮೊಬೈಲನ್ನು 14 ದಿನಗಳಿಗಿಂತ ಹೆಚ್ಚು ಕಾಲ ಬಳಸದಿದ್ದರೆ ಅವೆಲ್ಲ ಕಳಚಿಕೊಳ್ಳುತ್ತವೆ. ಮೊಬೈಲಿನಲ್ಲಿ ಜೋಡಿಸಿದ ಸಾಧನಗಳ ಪಟ್ಟಿಯನ್ನು ತೆರೆದು, ಹಳೆಯ ಕಂಪ್ಯೂಟರಿನ ಹೆಸರನ್ನು ತೆಗೆದು, ಪರದೆಯ ಕ್ಯೂಆರ್ ಕೋಡನ್ನು ಮತ್ತೆ ಮೊಬೈಲಿನ ಕ್ಯಾಮೆರಾಕ್ಕೆ ತೋರಿಸಿದರಾಯಿತು. ಇದರಿಂದ ಮೊಬೈಲಿನಲ್ಲಿರುವ ಸಂದೇಶಗಳಿಗೆ ಯಾವ ಬಾಧೆಯೂ ಇಲ್ಲ.

ಮೊಬೈಲಿನಿಂದ ಆ್ಯಪನ್ನು ತೆಗೆದುಹಾಕುವುದು ಕಟ್ಟಕಡೆಯ ಉಪಾಯ. ಅದೂ ಬ್ಯಾಕಪ್ ಆದ ಮೇಲೆ. 2016ರಿಂದ ವಾಟ್ಸಾಪಿನ ಸಂದೇಶಗಳನ್ನು ಕಳುಹಿಸಿದವರೂ ಪಡೆದವರೂ ಹೊರತು ಬೇರೆ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಕಳುಹಿಸಲಾಗುತ್ತಿದೆ. ಅದು ನಮ್ಮ ಗೋಪ್ಯಕ್ಕೆ ರಕ್ಷೆ. ಆದರೆ ಅದರಿಂದಲೇ, ನಾವು ಕಳೆದುಕೊಂಡುದನ್ನು ಕಂಪೆನಿ ಹುಡುಕಿಕೊಡಲಾರದು. ಬ್ಯಾಕಪ್ಪಿಗೂ ಇಂಥ ರಕ್ಷೆಯನ್ನು 2021ರಲ್ಲಿ ತಂದರು. ಅದಕ್ಕೆ ಪಾಸ್‌ವರ್ಡನ್ನೋ 64 ಅಂಕಿ-ಅಕ್ಷರಗಳ ಕೀಲಿಯನ್ನೋ ಆಯ್ದುಕೊಂಡವರು ಅದನ್ನು ಮರೆತರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಗಡಿಯವರಾದ ನಮಗೆ ಎರಡು ಮಾತು

ನಮ್ಮ ಮನೆಗಳಲ್ಲಿ ಗಡಿಯ ಆಚೆಯದೊಂದು ಈಚೆಯದೊಂದು ಎಂದು ಎರಡು ಸಿಮ್‌ಗಳಿರುವುದು ಸಾಮಾನ್ಯ. ಮಂಗಳೂರಿನಲ್ಲಿ ಓದುವಾಗ ಮಗ ಕೊಂಡ ನಂಬರಿನಲ್ಲಿ ತಾಯಿಯ ವಾಟ್ಸಾಪ್ ನಡೆಯುತ್ತಿರುತ್ತದೆ; ಸಿಮ್ ಮಾತ್ರ ರೀಚಾರ್ಜ್ ಇಲ್ಲದೆ ಎಂದೋ ಸತ್ತಿರುತ್ತದೆ. ಅಪ್‌ಡೇಟಿನ ಬಳಿಕ ಆ್ಯಪ್ ಮತ್ತೆ ಓಟಿಪಿ ಕೇಳಿದಾಗ ಆ ಆರು ಅಂಕಿಗಳು ಬರುವುದೆಲ್ಲಿಗೆ? ಕಡಿದುಹೋದ ನಂಬರನ್ನು 90 ದಿನಗಳ ತರುವಾಯ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ಆದುದರಿಂದ ಹಳೆಯ ಸಿಮ್ ಇನ್ನೂ ಜೀವಂತವಿರುವಾಗಲೇ, ಆ್ಯಪಿನ ನಂಬರ್ ಬದಲಾವಣೆಯ ವ್ಯವಸ್ಥೆಯಿಂದ ಈಗಿನ ನಂಬರಿಗೆ ವರ್ಗಾಯಿಸಿಕೊಳ್ಳಬೇಕು.

ಭಾಷೆಯ ಮಾತೂ ಉಂಟು. ಅಂಗಡಿಯವರು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೊಂದಿಸಿಕೊಟ್ಟ ಮೊಬೈಲಿನಲ್ಲಿ ದೋಷದ ಸೂಚನೆ ಬಂದಾಗ ಹಿರಿಯರು ಅರ್ಥವಾಗದೆ ಯಾವುದೋ ಗುಂಡಿ ಒತ್ತುತ್ತಾರೆ. ವಾಟ್ಸಾಪನ್ನೂ ವಿಂಡೋಸನ್ನೂ ಕನ್ನಡದಲ್ಲಿ ಇರಿಸಿಕೊಳ್ಳಬಹುದು. ಯಂತ್ರ ಕನ್ನಡದಲ್ಲಿ ಕೇಳಿದರೆ ನಮ್ಮವರು ಯೋಚಿಸಿ ಉತ್ತರಿಸುತ್ತಾರೆ.

ಇನ್ನೊಂದು ಎಚ್ಚರಿಕೆ. ಗಾಬರಿಯಾದವರನ್ನು ಕಾದುಕುಳಿತ ಕಳ್ಳರಿದ್ದಾರೆ. ಅಂತರಜಾಲದಲ್ಲಿ ಹುಡುಕಿ ಸಿಕ್ಕ ಸಹಾಯವಾಣಿಯ ನಂಬರಿಗೆ ಕರೆಮಾಡಬಾರದು. ಓಟಿಪಿಯನ್ನಾಗಲಿ ಪಿನ್ ಅನ್ನಾಗಲಿ ಯಾರಿಗೂ ಹೇಳಬಾರದು. ಅಪರಿಚಿತರು ಹೇಳಿದರೆಂದು ಪರದೆಯನ್ನು ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಬಾರದು. ಹಣ ಹೋದರೆ ಒಡನೆಯೇ 1930ಕ್ಕೆ ಕರೆಮಾಡಬೇಕು. ಅದು ದೇಶದಾದ್ಯಂತ ಇರುವ ಸರಕಾರದ ಸಹಾಯವಾಣಿಯಾದುದರಿಂದ ಗಡಿಯ ಯಾವ ಮಗ್ಗುಲಿನಲ್ಲಿದ್ದರೂ ನಂಬರ್ ಒಂದೇ.

ಇಷ್ಟೊಂದು ಕಾಳಜಿ ಏಕೆಂದು ಯಾರಾದರೂ ಕೇಳಬಹುದು. 2020ರ ಮಾರ್ಚಿನಲ್ಲಿ ಕೋವಿಡ್ ಕಾಲಕ್ಕೆ ತಲಪಾಡಿಯ ಗಡಿ ಮುಚ್ಚಿದುದನ್ನು ಕಾಸರಗೋಡಿನವರು ಮರೆತಿಲ್ಲ. ಅರ್ಧ ಗಂಟೆಯ ದಾರಿಯಲ್ಲಿದ್ದ ಆಸ್ಪತ್ರೆ, ಮಗಳ ಮನೆ, ಎಲ್ಲವೂ ಪರದೇಶವಾದುವು. ಆಗ ಕುಟುಂಬಗಳು ಒಂದಾಗಿ ಉಳಿದುದು ಈ ಸಣ್ಣ ಪರದೆಯ ಮೂಲಕ. ಅಲ್ಲದೆ ಶಾಲೆಯಲ್ಲಿ ಬೇರೆ ಭಾಷೆ ಓದುವ ನಮ್ಮ ಎಷ್ಟೋ ಮಕ್ಕಳು ಕನ್ನಡವನ್ನು ದಿನವೂ ಬರೆಯುವ ಸ್ಥಳವೆಂದರೆ ಅಜ್ಜ ಅಜ್ಜಿಯರಿರುವ ಕುಟುಂಬದ ಗುಂಪೊಂದೇ.

ಅಂದು ಆ್ಯಪ್ ತೆರೆದ ಮೇಲೆ ನಾವು ಮೊದಲು ಬ್ಯಾಕಪ್ ಮಾಡಿದೆವು. ಆಮೇಲೆ ತಾಯಿಯ ಧ್ವನಿಗಳನ್ನು ಒಂದೊಂದಾಗಿ ಪೆನ್‌ಡ್ರೈವಿಗೂ ಇಳಿಸಿ, ಖಾತೆಯ ನಂಬರನ್ನೂ ಪಿನ್ ಅನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ಕಪಾಟಿನೊಳಗೆ ಬೀಗ ಹಾಕಿಟ್ಟೆವು. ಪರೀಕ್ಷಿಸಲೆಂದು ಒಂದು ಧ್ವನಿಯನ್ನು ಭಾವ ಒತ್ತಿದರು. “ಹಲಸಿನ ಹಪ್ಪಳ ಒಣಗಿದೆ ಮಗಾ, ಬಂದಾಗ ಕೊಂಡುಹೋಗು” ಎಂದು ಅತ್ತೆ ಹೇಳಿದರು. ಅಕ್ಕ ಕೇಳಿಸಿಕೊಂಡು ಸುಮ್ಮನೆ ಒಳಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಗುಂಪಿನಲ್ಲಿ ಮೊಮ್ಮಗಳ ಸಂದೇಶ ಬಂತು. ಮಲಯಾಳ ಮಾಧ್ಯಮದಲ್ಲಿ ಆರನೆಯ ತರಗತಿ ಓದುವ ಹುಡುಗಿ. “ಅಜ್ಜಾ, ಬೆಳಿಗ್ಗೆಯಿಂದ ಎಲ್ಲಿ ಹೊಗಿದ್ದೀರಿ?” ಎಂದು ಬರೆದಿದ್ದಳು. ಭಾವ ಕನ್ನಡಕ ಏರಿಸಿಕೊಂಡು, ‘ಹೊ’ ಅಲ್ಲ ‘ಹೋ’ ಎಂದು ಮೊದಲು ತಿದ್ದಿ, ಆಮೇಲೆ ಉತ್ತರ ಬರೆಯತೊಡಗಿದರು.