ಈಡನ್ ಊರಿನ ಕ್ಯಾರವಾನ್ ಬಿಡಾರ

ಸಿಡ್ನಿಯಿಂದ ಮೆಲ್ಬರ್ನಿಗೆ ಕರಾವಳಿ ಹಿಡಿದು ಸಾಗುವ ಪ್ರಿನ್ಸಸ್ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಗೆ ಸಿಗುವ ಊರು ಈಡನ್. ಸುಮಾರು ಮೂರು ಸಾವಿರ ಜನ, ಒಂದು ಮೀನುಗಾರಿಕೆ ಬಂದರು, ಒಂದು ಪೇಟೆಬೀದಿ. ಊರಿನ ಉತ್ತರ ಮಗ್ಗುಲಲ್ಲಿ ಆಸ್ಲಿಂಗ್ಸ್ ಕಡಲತೀರ, ಅದರ ಬೆನ್ನಿಗೇ ಕುರಾಲೊ ಎಂಬ ಹಿನ್ನೀರು. ಇವೆರಡರ ನಡುವೆ, ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಕ್ಯಾರವಾನುಗಳು ಸಾಲಾಗಿ ನಿಲ್ಲುತ್ತವೆ.

ಇಷ್ಟು ಒಳ್ಳೆಯ ಜಾಗ ಪಂಚತಾರಾ ಹೋಟೆಲಿನವರ ಪಾಲಾಗದೆ ಹೇಗೆ ಉಳಿಯಿತು? ನೆಲ ಸರ್ಕಾರದ್ದು ಎಂಬುದೇ ಉತ್ತರ. ಈಡನ್ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕರಾವಳಿಯ ಎಷ್ಟೋ ಕ್ಯಾರವಾನ್ ಪಾರ್ಕುಗಳು ಸಾರ್ವಜನಿಕರಿಗೆಂದು ಕಾದಿಟ್ಟ ಸರ್ಕಾರಿ ಜಮೀನಿನಲ್ಲಿವೆ. ಮೊದಲು ಅಲ್ಲಿ ಡೇರೆಗಳಿದ್ದವು. 1948ರಲ್ಲಿ ದೇಶದಲ್ಲೇ ತಯಾರಾದ ಹೋಲ್ಡನ್ ಕಾರು ಬಂತು, ಸಂಬಳಸಹಿತ ರಜೆ ಹೆಚ್ಚುತ್ತಾ 1970ರ ದಶಕದಲ್ಲಿ ನಾಲ್ಕು ವಾರವಾಯಿತು. ದುಡಿಯುವ ಜನ ಕಾರಿನ ಹಿಂದೆ ಮನೆ ಕಟ್ಟಿಕೊಂಡು ಹೊರಟರು.

ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಅಂದರೆ ಎಂಜಿನ್ ಇಲ್ಲದ, ಕಾರು ಎಳೆಯುವ ಗಾಡಿ. ಮಾಮೂಲಿ ಕಾರಿನ ಲೈಸೆನ್ಸೇ ಸಾಕು, ಆದರೆ ಓಡುವಾಗ ಗಾಡಿಯೊಳಗೆ ಯಾರೂ ಕೂರುವಂತಿಲ್ಲ. ಪಾರ್ಕಿನ ಕಚೇರಿಯಲ್ಲಿ ನಂಬರ್ ಪಡೆದ ಮೇಲೆ ನಿಜವಾದ ಪರೀಕ್ಷೆ ಶುರು. ಕ್ಯಾರವಾನನ್ನು ಹಿಮ್ಮುಖವಾಗಿ ತಂದು ತಮಗೆ ಕೊಟ್ಟ ಜಾಗದಲ್ಲಿ ನಿಲ್ಲಿಸಬೇಕು. ಗಾಡಿ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ. ಅಪ್ಪ ಬೆವರುತ್ತಾನೆ, ಹಿಂದೆ ನಿಂತ ಅಮ್ಮ ಕೈ ಬೀಸಿ ಬೀಸಿ ಕೊನೆಗೆ ಕೂಗುತ್ತಾಳೆ, ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಮೂರನೆಯ ಸಲಕ್ಕೂ ಆಗದಿದ್ದರೆ ಅವರಲ್ಲೇ ಒಬ್ಬರು ಎದ್ದು ಬರುತ್ತಾರೆ. ಪರಿಚಯ ಆಗುವುದೇ ಹಾಗೆ.

ಆಮೇಲಿನದು ಕ್ರಮಬದ್ಧ ಕೆಲಸ. ಚಕ್ರಕ್ಕೆ ಅಡ್ಡ ಕೊಟ್ಟು, ಕಾರು ಬಿಡಿಸಿ, ಮುಂದಿನ ಪುಟ್ಟ ಚಕ್ರದ ಹಿಡಿಕೆ ತಿರುಗಿಸಿ ಮಟ್ಟ ನೋಡಿ, ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಬೇಕು. ಕರೆಂಟಿಗೆ ಹದಿನೈದು ಆಂಪಿಯರ್ ವೈರೇ ಆಗಬೇಕು. ಅದರ ಅರ್ಥಿಂಗ್ ಪಿನ್ನು ಅಗಲ, ಅಲ್ಲಿನ ಮನೆಗಳ ಸಾಮಾನ್ಯ ಸಾಕೆಟ್ಟಿಗೆ ಹೋಗುವುದಿಲ್ಲ. ಕುಡಿಯುವ ನೀರಿಗೊಂದು ಪೈಪು, ಪಾತ್ರೆ ತೊಳೆದ ನೀರು ಹೋಗಲು ಇನ್ನೊಂದು. ಗಾಡಿಯೊಳಗಿನ ಶೌಚದ ಡಬ್ಬಿಯನ್ನು ಅದಕ್ಕೆಂದೇ ಇರುವ ಗುಂಡಿಗೆ ಸುರಿದು ಬರುವ ಕೆಲಸ ಎಲ್ಲ ಮನೆಯಲ್ಲೂ ಒಬ್ಬರ ತಲೆಗೇ ಬೀಳುತ್ತದೆ, ಯಾರೆಂದು ಹೇಳಬೇಕಿಲ್ಲ. ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಅಡುಗೆಮನೆ ಎಲ್ಲರಿಗೂ ಸೇರಿದ್ದು. ಸಿಡ್ನಿ, ಮೆಲ್ಬರ್ನಿನ ಕನ್ನಡ ಕುಟುಂಬಗಳಿಗೆ ಒಂದು ಕಿವಿಮಾತು: ಅಲ್ಲಿನ ಸಾರ್ವಜನಿಕ ಬಾರ್ಬೆಕ್ಯೂ ತಟ್ಟೆಯ ಮೇಲೆ ಸಾಸೇಜು ಸುಟ್ಟಿರುತ್ತಾರೆ. ಸಸ್ಯಾಹಾರಿಗಳು ತಮ್ಮದೇ ಕಾವಲಿ ಒಯ್ಯುವುದು ಒಳ್ಳೆಯದು.

ಈಡನ್ನಿನಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು 1931ರಲ್ಲಿ ತೆರೆದ ಕಿಲ್ಲರ್ ವೇಲ್ ಮ್ಯೂಸಿಯಂ. ಅಲ್ಲಿರುವುದು 'ಓಲ್ಡ್ ಟಾಮ್' ಎಂಬ ಓರ್ಕಾದ, ಅಂದರೆ ಕಿಲ್ಲರ್ ವೇಲಿನ ಅಸ್ಥಿಪಂಜರ. ಹಿಂದೆ ಓರ್ಕಾಗಳ ಹಿಂಡು ದೊಡ್ಡ ತಿಮಿಂಗಿಲಗಳನ್ನು ಈಡನ್ನಿನ ಟೂಫೋಲ್ಡ್ ಕೊಲ್ಲಿಗೆ ಅಟ್ಟಿಕೊಂಡು ಬರುತ್ತಿತ್ತು. ಒಂದೆರಡು ಓರ್ಕಾಗಳು ದಡದ ಬಳಿ ಬಾಲ ಬಡಿದು ತಿಮಿಂಗಿಲ ಬೇಟೆಗಾರರನ್ನು ಎಬ್ಬಿಸುತ್ತಿದ್ದವು. ಕೊಂದ ತಿಮಿಂಗಿಲವನ್ನು ನೀರಲ್ಲೇ ಕಟ್ಟಿ ಬಿಟ್ಟರೆ ಓರ್ಕಾಗಳು ತುಟಿ, ನಾಲಿಗೆ ತಿನ್ನುವವು; ಉಳಿದದ್ದು ಮನುಷ್ಯರಿಗೆ. ತಿಮಿಂಗಿಲ ಬೇಟೆಯ ಡೇವಿಡ್ಸನ್ ಮನೆತನ ಮೂರು ತಲೆಮಾರು ಇದೇ ಒಪ್ಪಂದದ ಮೇಲೆ ಬದುಕಿತು. ದೋಣಿಯಲ್ಲಿ ಹುಟ್ಟು ಹಾಕಿದವರಲ್ಲಿ ಅಲ್ಲಿನ ಮೂಲನಿವಾಸಿ ಥಾವ ಜನರೂ ಇದ್ದರು, ಓರ್ಕಾಗಳ ನಂಟು ಮೊದಲಿದ್ದದ್ದು ಅವರದೇ. 1930ರ ಸೆಪ್ಟೆಂಬರಿನಲ್ಲಿ ಟಾಮ್ ಸತ್ತು ತೇಲಿತು. ಬಿಳಿಯರ ಉದ್ಯಮ ಎಂದಷ್ಟೇ ಈ ಕಥೆ ಹೇಳುವ ಕಾಲ ಈಗ ಹೋಗುತ್ತಿದೆ. ಬಿಳಿಯ ಉದ್ಯಮಿ ಬೆನ್ ಬಾಯ್ಡ್ ಹೆಸರಿದ್ದ ಪಕ್ಕದ ರಾಷ್ಟ್ರೀಯ ಉದ್ಯಾನಕ್ಕೆ 2022ರಲ್ಲಿ ಥಾವ ಭಾಷೆಯ 'ಬೇವೊವ' ಹೆಸರು ಬಂದಿದೆ.

ಒಂದು ಆತಂಕವೂ ಇದೆ. ಕರಾವಳಿಯ ಪಾರ್ಕುಗಳಲ್ಲಿ ಬಾಡಿಗೆ ಕ್ಯಾಬಿನ್ನುಗಳು ಹೆಚ್ಚುತ್ತಿವೆ, ಆದಾಯ ಅದರಲ್ಲೇ ಜಾಸ್ತಿ. ಒಂದೊಂದು ಕ್ಯಾಬಿನ್ ಬಂದಾಗಲೂ ಗಾಡಿ, ಡೇರೆ ತರುವವರ ಜಾಗ ಅಷ್ಟು ಕಡಿಮೆಯಾಗುತ್ತದೆ. ಸಾರ್ವಜನಿಕ ನೆಲದಲ್ಲಿ ಅಗ್ಗದ ಜಾಗ ಮೊದಲು ಉಳಿಯಬೇಕು, ಲಾಭದ ಮಾತು ಆಮೇಲೆ.

ಹೋಗುವುದಿದ್ದರೆ ಸೆಪ್ಟೆಂಬರಿನಿಂದ ನವೆಂಬರ್ ಒಳಗೆ ಹೋಗಿ. ದಕ್ಷಿಣಕ್ಕೆ ಮರಳುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿಗಳೊಂದಿಗೆ ಈ ದಾರಿಯಲ್ಲೇ ಹಾಯುತ್ತವೆ. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಶಾಲೆಗೆ ರಜೆ. ಆಗ ಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ.