ರೆಂಡರಿಂಗ್ ಯಂತ್ರಕ್ಕೆ ಮದರ್‌ಬೋರ್ಡಿನ ಆಯ್ಕೆ

ಕೃಷ್ಣರಾಜಪುರದ ಮಗ್ಗುಲಲ್ಲಿರುವ ದೂರವಾಣಿನಗರದ ಹಳೆಯ ನಿವಾಸಿಗಳಿಗೆ ಸರ್ಕಿಟ್ ಹಲಗೆಯೆಂಬುದು ಅಪರಿಚಿತ ವಸ್ತುವಲ್ಲ. 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ದುಡಿದ ಕುಟುಂಬಗಳಲ್ಲಿ, ಹಲಗೆಯ ಮೇಲೆ ತಾಮ್ರದ ಗೆರೆಗಳನ್ನು ಮೂಡಿಸಿ ಬಿಡಿಭಾಗಗಳನ್ನು ಬೆಸುಗೆಯಿಂದ ಕೂಡಿಸುವ ಕೆಲಸವನ್ನು ಬಲ್ಲವರು ಇಂದಿಗೂ ಇದ್ದಾರೆ. ಗಣಕಯಂತ್ರದ ಮದರ್‌ಬೋರ್ಡು ಅದೇ ವಂಶಕ್ಕೆ ಸೇರಿದ್ದು. ಕೆಲವರು ಅದನ್ನು ‘ತಾಯಿಹಲಗೆ’ ಎಂದು ಕನ್ನಡಿಸಿದ್ದುಂಟು. ಆ ಹೆಸರು ಹೇಳಿದರೆ ಅಂಗಡಿಯಲ್ಲಿ ಕೊಡುವವರಿಲ್ಲವಾದ್ದರಿಂದ ಇಲ್ಲಿ ರೂಢಿಯ ಮಾತನ್ನೇ ಬಳಸಿದೆ.

ಈ ವಿಷಯವನ್ನು ಪ್ರಸ್ತುತ ಸಂಚಿಕೆಗೆ ಆರಿಸಿಕೊಳ್ಳಲು ಕಾರಣವುಂಟು. ಆನಿಮೇಷನ್ ಹಾಗೂ ಚಲನಚಿತ್ರಗಳ ದೃಶ್ಯಪರಿಣಾಮದ ಕೆಲಸವು ನಮ್ಮ ನಗರದಲ್ಲಿ ಅನೇಕ ತರುಣರಿಗೆ ಅನ್ನದ ದಾರಿಯಾಗಿದೆ. 2021ರಲ್ಲಿ ಮಹದೇವಪುರದಲ್ಲಿ ಈ ಕ್ಷೇತ್ರಕ್ಕೆಂದೇ ಒಂದು ಉತ್ಕೃಷ್ಟತಾ ಕೇಂದ್ರವೂ ಪ್ರಾರಂಭವಾಯಿತು. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹವು ಕುಸಿದು ಅದರ ಬೆಂಗಳೂರು ಶಾಖೆ ಮುಚ್ಚಿದಾಗ, ಕಛೇರಿಯ ಯಂತ್ರಗಳನ್ನೇ ನಂಬಿದ್ದ ಬಹುಮಂದಿ ಕಲಾವಿದರು ಬರಿಗೈಯವರಾದರು. ಇಂಥ ಸಂದರ್ಭದಲ್ಲಿ ಮನೆಯಲ್ಲೇ ಕುಳಿತು ಬಿಡಿ ಕೆಲಸ ಮಾಡಲು ಸ್ವಂತ ಯಂತ್ರ ಬೇಕಾಗುತ್ತದೆ. ಭವಿಷ್ಯನಿಧಿಯ ಹಣ ತೆಗೆದು ಯಂತ್ರ ಕಟ್ಟಿಸುವವನಿಗೆ ತಪ್ಪು ಆಯ್ಕೆಯ ಪೆಟ್ಟು ಸಣ್ಣದಲ್ಲ. ಶಾಲೆಯ ಪ್ರಯೋಗಾಲಯಕ್ಕೆ ಯಂತ್ರ ದಾನಮಾಡುವ ಮಹನೀಯರಿಗೂ ಈ ಮಾತು ಸಲ್ಲುತ್ತದೆ.

ರೆಂಡರಿಂಗ್ ಎಂದರೆ, ಕಲಾವಿದನು ರೂಪಿಸಿದ ಆಕೃತಿ, ಬೆಳಕು, ಬಣ್ಣಗಳ ವಿವರಗಳನ್ನು ಯಂತ್ರವು ಲೆಕ್ಕಹಾಕಿ ಪೂರ್ಣ ಚಿತ್ರವನ್ನಾಗಿಸುವ ಕ್ರಿಯೆ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳಂತೆ ಒಂದು ನಿಮಿಷಕ್ಕೆ 1,440 ಚಿತ್ರಗಳು ಬೇಕು. ಚಿತ್ರವೊಂದಕ್ಕೆ 20 ನಿಮಿಷ ಹಿಡಿದರೆ ಒಟ್ಟು 480 ಗಂಟೆ, ಅಂದರೆ ಹಗಲಿರುಳು ಸೇರಿ 20 ದಿನ. ಕೆಲಸ ಕೊಟ್ಟವನು ಅಷ್ಟು ದಿನ ಕಾಯುವನೆ? ಆದುದರಿಂದಲೇ ವೇಗದ ಯಂತ್ರದ ಹಂಬಲ. ಆ ಹಂಬಲದಲ್ಲಿಯೇ, ದುಬಾರಿ ಬೋರ್ಡು ಕೊಂಡರೆ ಕೆಲಸ ಬೇಗ ಮುಗಿಯುವುದೆಂಬ ಭ್ರಮೆ. ಲೆಕ್ಕ ಮಾಡುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡು. ಅವೆರಡನ್ನೂ ಸಾಧಾರಣ ಬೋರ್ಡಿನಿಂದ ಕಿತ್ತು ಅದೇ ಜಾತಿಯ ಅತ್ಯುತ್ತಮ ಬೋರ್ಡಿಗೆ ಹಾಕಿದರೂ 20 ನಿಮಿಷದ ಚಿತ್ರ ಹೆಚ್ಚುಕಡಿಮೆ 20 ನಿಮಿಷವನ್ನೇ ತೆಗೆದುಕೊಳ್ಳುತ್ತದೆ. ಯಾವುದನ್ನು ಎಷ್ಟು ಸೇರಿಸಬಹುದು, ಸೇರಿಸಿದ್ದು ವಾರಗಟ್ಟಲೆ ದಣಿಯದೆ ನಡೆದೀತೆ ಎಂಬುದಷ್ಟೇ ಬೋರ್ಡು ನಿರ್ಣಯಿಸುವ ಸಂಗತಿ.

ಸೇರಿಸುವ ದಾರಿಗಳಿಗೆ ಲೇನ್ ಎಂದು ಹೆಸರು. ಹಳೆಯ ಮದ್ರಾಸು ರಸ್ತೆಯಲ್ಲಿ ಹಲಸೂರಿನಿಂದ ಪೂರ್ವಕ್ಕೆ ಹೋಗುವವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಹಿಂದಿನ ರಸ್ತೆ ಎಷ್ಟು ಅಗಲವಿದ್ದರೇನು, ಟಿನ್ ಫ್ಯಾಕ್ಟರಿಯ ಬಳಿ ಎಲ್ಲ ವಾಹನಗಳೂ ಒಂದೇ ಕಡೆ ನುಗ್ಗಬೇಕು. ಎಎಮ್‌ಡಿ ಕಂಪನಿಯ ಎಎಮ್5 ಜಾತಿಯ ಬೋರ್ಡುಗಳಲ್ಲಿ ಪ್ರೊಸೆಸರಿನಿಂದ ಬಳಕೆಗೆ ದೊರೆಯುವ ನೇರ ಲೇನುಗಳು 24. ಮಿಕ್ಕ ಡಿಸ್ಕು, ಯುಎಸ್‌ಬಿ, ಜಾಲಸಂಪರ್ಕಗಳೆಲ್ಲ ಚಿಪ್‌ಸೆಟ್ಟಿನ ಹಿಂದೆ ನಿಂತು ನಾಲ್ಕೇ ಲೇನುಗಳ ಸೇತುವೆಯನ್ನು ದಾಟಿ ಬರಬೇಕು. ಡಬ್ಬಿಯ ಮೇಲೆ ಅಚ್ಚಾದ ಕಿಂಡಿಗಳ ಸಂಖ್ಯೆಯನ್ನು ನೋಡಿ ಮರುಳಾಗದೆ, ಪ್ರತಿಯೊಂದು ಕಿಂಡಿ ನೇರ ದಾರಿಯದೋ ಸೇತುವೆಯ ಹಿಂದಿನದೋ ಎಂಬುದನ್ನು ಕೈಪಿಡಿಯಲ್ಲಿ ಪರಿಶೀಲಿಸತಕ್ಕದ್ದು.

ಹಾಗೆಂದು ಲೇನಿನ ಚಿಂತೆಯನ್ನು ಅತಿಯಾಗಿ ಹಚ್ಚಿಕೊಳ್ಳಬೇಕಾಗಿಯೂ ಇಲ್ಲ. ಗ್ರಾಫಿಕ್ಸ್ ಕಾರ್ಡು ದೃಶ್ಯದ ವಿವರವನ್ನು ಮೊದಲಿಗೆ ತನ್ನೊಳಗೆ ತುಂಬಿಕೊಂಡು ಆಮೇಲೆ ಒಳಗೊಳಗೇ ಲೆಕ್ಕಮಾಡುತ್ತದೆ. ಆದ್ದರಿಂದ 16 ಲೇನುಗಳನ್ನು ಎಂಟೆಂಟಾಗಿ ಹಂಚಿ ಎರಡು ಕಾರ್ಡುಗಳನ್ನು ಕೂಡಿಸಿದರೆ ಆಗುವ ನಷ್ಟ ಅತ್ಯಲ್ಪ. ಒಬ್ಬ ಕಲಾವಿದನ ಕೆಲಸಕ್ಕೆ ಹೀಗೆ ಹಂಚಬಲ್ಲ ಎಎಮ್5 ಬೋರ್ಡು ಸಾಕೆಂಬುದೇ ನನ್ನ ಅಭಿಪ್ರಾಯ. ಅದಕ್ಕಿಂತ ಮೇಲಿನದಕ್ಕೆ ಸುರಿಯುವ ಹಣ ಎರಡನೆಯ ಕಾರ್ಡಿಗೆ ಹೋದರೆ 20 ದಿನದ ಕೆಲಸ ಹತ್ತು ದಿನದ ಸಮೀಪಕ್ಕೆ ಬಂದೀತು. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಇಲ್ಲಿಯೇ ನಿವಾರಿಸಬೇಕು: 32 ಜಿಬಿ ಸ್ಮೃತಿಯ ಎರಡು ಕಾರ್ಡುಗಳು ಸೇರಿ 64 ಜಿಬಿ ಆಗುವುದಿಲ್ಲ. ಸಾಮಾನ್ಯವಾಗಿ ಇಡೀ ದೃಶ್ಯದ ಪ್ರತಿಯೊಂದು ಎರಡರಲ್ಲೂ ಹಿಡಿಸಬೇಕು.

ಹಾಗಾದರೆ ದೊಡ್ಡ ಬೋರ್ಡು ಯಾರಿಗೆ? ಮೂರು ನಾಲ್ಕು ಕಾರ್ಡುಗಳನ್ನು ನಿಶ್ಚಯವಾಗಿ ಹಾಕುವವರಿಗೆ, ಪ್ರೊಸೆಸರಿನಿಂದಲೇ ರೆಂಡರ್ ಮಾಡುವವರಿಗೆ, ನೀರು ಹೊಗೆಗಳ ಚಲನೆಯನ್ನು ಲೆಕ್ಕಹಾಕಲು ಅಪಾರ ಸ್ಮೃತಿ ಬೇಕಾದವರಿಗೆ. ಎಎಮ್‌ಡಿಯ ಥ್ರೆಡ್‌ರಿಪ್ಪರ್ ಪ್ರೊ ಪ್ರೊಸೆಸರಿನಲ್ಲಿ 96 ಕೋರ್‌ಗಳವರೆಗೆ ಉಂಟು. ಅದಕ್ಕೊಪ್ಪುವ ಡಬ್ಲ್ಯುಆರ್‌ಎಕ್ಸ್90 ಬೋರ್ಡು 128 ಲೇನುಗಳನ್ನೂ ಸ್ಮೃತಿಗೆ ಎಂಟು ಕಾಲುವೆಗಳನ್ನೂ ಒದಗಿಸುತ್ತದೆ. ಟಿಆರ್‌ಎಕ್ಸ್50 ಬೋರ್ಡಿನಲ್ಲಿ ಕಾಲುವೆಗಳು ನಾಲ್ಕು. ಎರಡಕ್ಕೂ ರಿಜಿಸ್ಟರ್ಡ್ ಜಾತಿಯ ಸ್ಮೃತಿಪಟ್ಟಿಗಳೇ ಬೇಕು, ಸಾಮಾನ್ಯ ಪಟ್ಟಿಗಳು ಕೂಡುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಸ್ಮೃತಿಯ ಬೆಲೆ ವಿಪರೀತವಾಗಿ ಏರಿದ್ದನ್ನು ಕಂಡವರಿಗೆ ಎಂಟು ಪಟ್ಟಿಗಳ ಅರ್ಥವೇನೆಂದು ಬೇರೆ ಹೇಳಬೇಕಿಲ್ಲ. ಎಂಟು ಕಾಲುವೆಯ ಬೋರ್ಡು ಕೊಂಡು ಎರಡೇ ಪಟ್ಟಿ ಹಾಕುವುದು ಎಂಟೆತ್ತಿನ ಬೇಸಾಯಕ್ಕೆ ಎರಡೆತ್ತು ಹೂಡಿದಂತೆ.

ಅಳತೆಯ ವಿಚಾರದಲ್ಲಿಯೂ ಮೋಸಹೋಗುವುದುಂಟು. ಏಸಸ್ ಕಂಪನಿಯ ಡಬ್ಲ್ಯುಆರ್‌ಎಕ್ಸ್90ಇ-ಸೇಜ್ ಬೋರ್ಡಿನಲ್ಲಿ ಏಳು ಉದ್ದ ಕಿಂಡಿಗಳಿವೆ. ಆದರೆ ಆಟಗಾರರಿಗೆಂದು ಮಾಡಿದ ದಪ್ಪ ಕಾರ್ಡು ಒಂದೊಂದೂ ಮೂರು ಕಿಂಡಿಗಳ ಜಾಗವನ್ನು ನುಂಗುವುದರಿಂದ ಅಲ್ಲಿ ಹಿಡಿಸುವುದು ಎರಡೋ ಮೂರೋ. ಎರಡು ಕಿಂಡಿ ದಪ್ಪದ, ಬಿಸಿಗಾಳಿಯನ್ನು ಹಿಂಬದಿಯಿಂದ ಹೊರಗೆ ಊದುವ ಕಾರ್ಡುಗಳಿದ್ದರೆ ಮಾತ್ರ ಇಂಥ ಬೋರ್ಡು ಸಾರ್ಥಕ. ಆ ಬೋರ್ಡಿನ ಅಗಲವೂ ಹೆಚ್ಚು; ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಕೂರದು.

ವಿದ್ಯುತ್ತಿನ ಮಾತು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ. ಆರ್‌ಟಿಎಕ್ಸ್ 5090 ಕಾರ್ಡು ಒಂದಕ್ಕೆ 575 ವಾಟ್. ಎರಡಕ್ಕೆ 1,150, ಥ್ರೆಡ್‌ರಿಪ್ಪರಿಗೆ 350, ಅಲ್ಲಿಗೆ 1,500 ವಾಟ್. ಹಲಸೂರು, ಶಿವಾಜಿನಗರಗಳ ಹಳೆಯ ಮನೆಗಳ ಕೋಣೆಯಲ್ಲಿರುವ 6 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ತಡೆಯುವುದು 1,380 ವಾಟ್ ಮಾತ್ರ. ಗೀಸರಿಗೆ ಹಾಕುವಂಥ 16 ಆಂಪಿಯರ್ ಪ್ಲಗ್ಗು, ಒಳ್ಳೆಯ ಅರ್ತಿಂಗ್ ಎರಡನ್ನೂ ಮೊದಲು ಮಾಡಿಸಿ ಆಮೇಲೆ ಬೋರ್ಡು ಹುಡುಕಬೇಕು. ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗಗಳು ಬೋರ್ಡಿನಲ್ಲೇ ಇರುತ್ತವೆ. ಸಂಜೆ ಎರಡು ಗಂಟೆ ಆಟವಾಡುವವನಿಗೆ ಅವು ಹೇಗಿದ್ದರೂ ನಡೆದೀತು. ರಾತ್ರಿಯಿಡೀ ರೆಂಡರ್ ಮಾಡುವವನಿಗೆ ನಡೆಯದು. ಅವುಗಳ ಮೇಲೆ ದಪ್ಪನೆಯ ಲೋಹದ ಹೊದಿಕೆಯಿದೆಯೆ, ಗಾಳಿ ಆಡುವುದೆ ಎಂದು ನೋಡಬೇಕು. ಬಣ್ಣದ ದೀಪಗಳಿಗೆ ಹಣ ತೆರಬೇಕಾಗಿಲ್ಲ.

ಕೊಳ್ಳಲು ಇಂದಿರಾನಗರದವರೂ ಕೃಷ್ಣರಾಜಪುರದವರೂ ಸಾಮಾನ್ಯವಾಗಿ ಹೋಗುವುದು ಎಸ್.ಪಿ. ರಸ್ತೆಗೆ, ಮೆಟ್ರೋದಲ್ಲಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಕ್ರಮಸಂಖ್ಯೆ ನಮೂದಿಸಿದ ರಸೀದಿ ಕೇಳಿ ಪಡೆಯಿರಿ; ಅಮೆರಿಕದಿಂದ ಬಂಧುಗಳು ತಂದ ಬೋರ್ಡು ಅಗ್ಗವಾದರೂ ಅದರ ಖಾತರಿ ಇಲ್ಲಿ ನಡೆಯುವುದೋ ಎಂದು ಮೊದಲೇ ವಿಚಾರಿಸಿರಿ. ಹಳೆಯ ದಾಸ್ತಾನಿನ ಬೋರ್ಡಾದರೆ 2025ರ ಜುಲೈಯಲ್ಲಿ ಬಂದ ಥ್ರೆಡ್‌ರಿಪ್ಪರ್ 9000 ಸಾಲಿನ ಪ್ರೊಸೆಸರನ್ನು ಗುರುತಿಸಲು ಬಯಾಸ್ ಹೊಸದು ಬೇಕಾದೀತು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಅದನ್ನು ಬದಲಿಸುವ ಸೌಕರ್ಯವಿರುವ ಬೋರ್ಡನ್ನೇ ಆರಿಸುವುದು ಲೇಸು. ಮೊದಲ ಸಲ ಚಾಲೂ ಮಾಡಿದಾಗ ಇವು ಸ್ಮೃತಿಯನ್ನು ಹೊಂದಿಸಿಕೊಳ್ಳುತ್ತ ಹಲವು ನಿಮಿಷ ಪರದೆಯನ್ನು ಕತ್ತಲಾಗಿಯೇ ಇಡುತ್ತವೆ. ಸತ್ತುಹೋಯಿತೆಂದು ಗಾಬರಿಯಿಂದ ಸ್ವಿಚ್ ಆರಿಸಬಾರದು. ಥ್ರೆಡ್‌ರಿಪ್ಪರಿನ ಸಾಕೆಟ್ಟಿನಲ್ಲಿ ಕೂದಲೆಳೆಯಂಥ 4,844 ಸಂಪರ್ಕಗಳಿವೆ. ಒಂದು ಬಾಗಿದ್ದರೂ ಖಾತರಿ ಸಿಗುವುದು ಕಷ್ಟ. ಹಣ ಎಣಿಸುವ ಮುನ್ನ ಅಂಗಡಿಯವರ ಎದುರಿನಲ್ಲಿಯೇ ಮುಚ್ಚಳ ತೆಗೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಒಂದು ಛಾಯಾಚಿತ್ರ ತೆಗೆದುಕೊಂಡು ಬನ್ನಿ.